ಕಾಮಾಲೆ ಇಲಿ ಸಾಕೋನಿಗೆ ಹೆಣ್ಣು

ನಂಬದಿದ್ದರೆ ಬಿಡಿ, ನಮ್ಮೂರು ಬೇಗೂರಿಗೆ ಬಂದು ಯಾರನ್ನಾದರೂ ಕೇಳಿ. ಇಂಥವೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಚಾಮರಾಜನಗರದ ಒಂದು ಲ್ಯಾಬಿನಲ್ಲಿ ಬಿಳಿ ಇಲಿಗಳ ಉಸ್ತುವಾರಿ ನನ್ನದು. ಇಲಿಯ ಲಿವರಿಗೆ ವೈರಸ್ ಹತ್ತಿಸಿ, ಮೈಯೊಳಗಿನ ರಕ್ಷಣಾ ಕಣಗಳು ಅದರ ಮೇಲೆ ಹೇಗೆ ಬೀಳುತ್ತವೆ ಅಂತ ನಮ್ಮ ಮೇಡಮ್ ನೋಡುತ್ತಾರೆ. ನಾನಿಲ್ಲದಿದ್ದರೆ ಆ ಲ್ಯಾಬೇ ಇಲ್ಲ. ಆದರೂ ಇಲಿ ಸಾಕೋನಿಗೆ ಯಾರು ಹೆಣ್ಣು ಕೊಟ್ಟಾರು ಅಂತ ನಮ್ಮವ್ವನಿಗೆ ಮೂರು ಹೊತ್ತೂ ಚಿಂತೆ.

೧. ಮೊದಲ ಇಲಿ

ಸೇರಿದ ದಿನವೇ ಮೇಡಮ್‌ಗೆ ಹೇಳಿದೆ, ಹೋರಿಗೆ ಮೂಗುದಾರ ಹಾಕಿದ ಕೈ ಇದು, ಇಲಿ ಯಾವ ಲೆಕ್ಕ ಅಂತ. ಅವರು ಒಂದನ್ನು ಕೈಗಿಟ್ಟರು. ಅದು ತಿರುಗಿ ಗ್ಲೌಸ್ ಸಮೇತ ಬೆರಳು ಕಚ್ಚಿತು. ನಾನೇನೂ ಹೆದರಲಿಲ್ಲ, ಪಕ್ಕದ ಸ್ಟೂಲು ಹತ್ತಿದೆ ಅಷ್ಟೆ.

"ಇಳೀರಿ, ಅದಕ್ಕಿನ್ನೂ ವೈರಸ್ ಕೊಟ್ಟಿಲ್ಲ" ಅಂದರು ಮೇಡಮ್.

೨. ಬರಿಹೊಟ್ಟೆ

ನಮ್ಮ ಕಡೆ ಕಾಮಾಲೆ ಬಂದರೆ, ಸೊಪ್ಪಿನ ಔಷಧಿ ಕೊಡುವವರ ಮನೆಗೆ ಬೆಳಗ್ಗೆ ಬರಿಹೊಟ್ಟೆಯಲ್ಲಿ ಹೋಗುವುದು ವಾಡಿಕೆ. ಹೋಟೆಲಿನಲ್ಲಿ ಕೂತು ಲಿವರ್ ವಿಷಯ ಸ್ವಲ್ಪ ಜಾಸ್ತಿಯೇ ಕೊಚ್ಚಿಕೊಂಡಿದ್ದೆ. ಮಾರನೇ ದಿನ ಇಬ್ಬರು ಬರಿಹೊಟ್ಟೆಯಲ್ಲಿ ನಮ್ಮ ಬಾಗಿಲಿಗೆ ಬಂದರು. ಆಸ್ಪತ್ರೆಗೆ ಹೋಗಿ ಅಂದರೆ ಕೇಳಲಿಲ್ಲ.

"ನಾನು ಕಾಮಾಲೆ ಬರ್ಸೋನು ಕಣಣ್ಣ, ವಾಸಿ ಮಾಡೋನಲ್ಲ" ಅಂದುಬಿಟ್ಟೆ.

ಹೆಣ್ಣು ನೋಡಲು ನಾವು ಹರವೆಗೆ ಹೋಗುವ ಮೊದಲೇ ಈ ಮಾತು ಅಲ್ಲಿಗೆ ಹೋಗಿ ಕೂತಿತ್ತು.

೩. ಹರವೆಯ ಊಟ

ಹುಡುಗಿಯ ಮನೆಯಲ್ಲಿ ಎಲ್ಲರಿಗೂ ಒಳಗೆ ಬಸ್ಸಾರು, ನನಗೊಬ್ಬನಿಗೆ ಜಗುಲಿಯಲ್ಲಿ ಉಪ್ಪಿಲ್ಲದ ಮುದ್ದೆ, ಉಪ್ಪಿಲ್ಲದ ಮಜ್ಜಿಗೆ. ಕಾಮಾಲೆಯವರ ಪಥ್ಯ; ಇಲಿಯಿಂದ ನನಗೂ ಹತ್ತಿದೆ ಅಂತ ಅವರ ಲೆಕ್ಕ. ಬಾಗಿಲಲ್ಲಿ ನಿಂತಿದ್ದ ಹುಡುಗಿಯನ್ನು ನೋಡಿದೆ, ಸುಮ್ಮನೆ ಉಂಡೆ.

ಕೈ ತೊಳೆದ ಮೇಲೆ ವಿವರಿಸಿದೆ. ಈ ವೈರಸ್ ಮನುಷ್ಯರಿಗೆ ಹತ್ತುವುದಿಲ್ಲ. ಇಲಿಯಲ್ಲೂ ರಕ್ಷಣಾ ಕಣಗಳು ದಂಡು ಕಟ್ಟಿ ಬಂದು ಅದನ್ನು ಬಡಿಯುತ್ತವೆ, ಗೆದ್ದ ಮೇಲೂ ಕೆಲವು ಲಿವರಿನಲ್ಲೇ ಕಾವಲಿಗೆ ಉಳಿಯುತ್ತವೆ.

"ಮನೆಯಳೀನಂಗೆ ಅನ್ನು" ಅಂದಳು ಹುಡುಗಿಯ ಅಜ್ಜಿ.

ಹುಡುಗಿಯ ಅಪ್ಪ ಮಾತ್ರ ನನ್ನಿಂದ ಇನ್ನೊಂದು ಮಾರು ದೂರ ಸರಿದು ಕೂತ. ಸಂಬಂಧ ಮುರಿಯಿತು ಅಂತ ನಮ್ಮವ್ವ ಚಪ್ಪಲಿ ಹುಡುಕತೊಡಗಿದಳು. ಆಗ ಹುಡುಗಿಯೇ ಬಾಯಿಬಿಟ್ಟಳು:

"ಅಪ್ಪಾ, ಉಪ್ಪಿಲ್ದಿರ ಮುದ್ದೆ ಎರಡು ಉಂಡವ್ರೆ, ತುಟಿ ಪಿಟಕ್ ಅನ್ನಲಿಲ್ಲ. ಕಾಯ್ಲೆ ಇದ್ರೆ ಇರ್ಲಿ ಬುಡು, ನನ್ನ ಅಡ್ಗೆಗೆ ಇವ್ರೇ ಸರಿ."

ಹೆಣ್ಣು ಕೊಟ್ಟರು.