ಗೂಟಕ್ಕೆ ಸುತ್ತಿದ್ದ ಚಿಂದಿ

ಮನೆ ಸ್ವಚ್ಛ ಮಾಡುವ ಕೆಲಸಕ್ಕೆ ಗಂಡಸರು ಕೈ ಹಾಕಬಾರದು ಎಂಬುದು ನನ್ನ ಈಚಿನ ಅಭಿಪ್ರಾಯ. ಕೈ ಹಾಕಿ ಕೆಟ್ಟವನ ಮಾತಾದ್ದರಿಂದ ನೀವು ನಂಬಬಹುದು. ಯಲಬುರ್ಗಾದ ಶಾಲೆಯಲ್ಲಿ ನಾನು ವಿಜ್ಞಾನದ ಮಾಸ್ತರ. ಹೆಂಡತಿ ಪಾರ್ವತಿ ತೀರಿಕೊಂಡು ಎರಡು ತಿಂಗಳಾಗಿತ್ತು, ಬೇಸಿಗೆ ರಜೆ ಬೇರೆ. ಸುಮ್ಮನೆ ಕೂತರೆ ಅಳು ಬರುತ್ತಿತ್ತು, ಅದಕ್ಕೇ ಕಸಬರಿಗೆ ಹಿಡಿದೆ. ಜೇಡರ ಬಲೆ ತೆಗೆದೆ, ಡಬ್ಬಿಗಳನ್ನು ಒರೆಸಿದೆ, ಕೊನೆಗೆ ಬೀಸುಕಲ್ಲಿಗೆ ಬಂದೆ. ಮೇಲಿನ ಕಲ್ಲು ಎತ್ತಿದರೆ, ನಡುವಿನ ಗೂಟಕ್ಕೆ ಹಿಟ್ಟು ಮೆತ್ತಿ ಕಪ್ಪಾದ ಚಿಂದಿಯೊಂದು ಸುತ್ತಿತ್ತು. ಇಷ್ಟು ವರ್ಷ ಇದರಲ್ಲೇ ಬೀಸಿದ್ದನ್ನು ತಿಂದೆನಲ್ಲ ಎಂದು ಮುಖ ಸಿಂಡರಿಸಿ ಅದನ್ನು ನೀರೊಲೆಗೆ ಹಾಕಿದೆ.

ನನಗೆ ಬೇಕಾಗಿದ್ದು ಅವಳು ಮಾಡುತ್ತಿದ್ದ ಹುಳಿ ಅಂಬಲಿ, ಒಂದೇ ಒಂದು ಬಟ್ಟಲು. ಜೋಳದ ನುಚ್ಚನ್ನು ಮಜ್ಜಿಗೆಯಲ್ಲಿ ನೆನೆಹಾಕಿ, ಹುಳಿ ಬಂದ ಮೇಲೆ ಮರುದಿನ ಕುದಿಸುವುದು. ಊರಿಗೆ ಕರೆಂಟಿನ ಗಿರಣಿ ಬಂದಿತ್ತು. ಆದರೆ ಅಲ್ಲಿ ಖಾರಪುಡಿಯ ವಾಸನೆ ಹತ್ತುತ್ತದೆಂದು ಅಂಬಲಿಯ ನುಚ್ಚನ್ನು ಅವಳು ಮನೆಯಲ್ಲೇ ಒಡೆಯುತ್ತಿದ್ದಳು. ನಾನೂ ಕೂತು ಬೀಸಿದೆ. ನುಚ್ಚು ಬರುವ ಬದಲು ಪೌಡರಿನಂಥ ಹಿಟ್ಟು ಬಂತು. ಆ ಅಂಬಲಿಯಿಂದ ಪುಸ್ತಕಗಳಿಗೆ ರಟ್ಟು ಅಂಟಿಸಬಹುದಿತ್ತು.

ಅವಳ ಗೆಳತಿ, ಪಕ್ಕದ ಮನೆಯ ಗಂಗವ್ವ ಬಂದು ಕಲ್ಲು ಎತ್ತಿ ನೋಡಿದಳು. “ಗೂಟಕ್ಕ ಅರಿಬಿ ಇತ್ತಲ್ರಿ ಮಾಸ್ತರ, ಎಲ್ಲಿ ಹೋತು?”

“ಹೊಲಸಾಗಿತ್ತು, ಸುಟ್ಟೆ.”

ಅವಳು ಬರಿದಾದ ಗೂಟವನ್ನು ಬೆರಳಿಂದ ಸವರಿದಳು. “ಮ್ಯಾಲಿನ ಕಲ್ಲು ಅದರ ಮ್ಯಾಲ ಚೂರು ಎದ್ದು ನಿಂತಿತ್ತಲ್ರಿ, ಅದಕ್ಕ ಹಿಟ್ಟಾಗದ ನುಚ್ಚು ಬೀಳತಿತ್ತು. ಎಷ್ಟು ಸರ್ತಿ ಸುತ್ತಿ, ಎಷ್ಟು ಸರ್ತಿ ಬಿಚ್ಚಿ ಹದ ಮಾಡಿ ಇಟ್ಟಿದ್ಲೋ ಆಕಿ.”

ಹೆಂಡತಿ ಹೋದದ್ದು ದೇವರ ಇಚ್ಛೆ ಎಂದು ಊರೆಲ್ಲ ಸಮಾಧಾನ ಹೇಳಿತ್ತು. ಚಿಂದಿ ಸುಟ್ಟದ್ದು ಮಾತ್ರ ಶುದ್ಧ ನನ್ನದೇ ಇಚ್ಛೆ. ಅವಳು ಬಿಟ್ಟುಹೋದ ಒಂದು ಕೈಗೆಲಸವನ್ನು ನನ್ನ ಕೈಯಾರೆ ಬೂದಿ ಮಾಡಿದ್ದೆ. ಆ ದಿನ ನನಗೆ ಅಳು ತಡೆಯಲಾಗಲಿಲ್ಲ. ಆದರೂ ಮಕ್ಕಳಿಗೆ ಸರಳ ಯಂತ್ರಗಳ ಪಾಠ ಹೇಳುವವನು ಸೋಲೊಪ್ಪಲಾದೀತೇ ಎಂದು ಗೂಟಕ್ಕೆ ನನ್ನ ಕರವಸ್ತ್ರ ಸುತ್ತಿದೆ. ಕಲ್ಲು ಎಷ್ಟು ಎತ್ತರ ಕೂತಿತೆಂದರೆ, ಹಾಕಿದ ಕಾಳು ಹಾಕಿದ ಹಾಗೇ ಈಚೆ ಉರುಳಿ ಬಂತು. ಬನಿಯನ್ ಹರಿದು ಪಟ್ಟಿ ಮಾಡಿದೆ. ಒಂದು ಕಡೆ ಹಿಟ್ಟು, ಇನ್ನೊಂದು ಕಡೆ ಇಡೀ ಕಾಳು.

“ಬನೀನ ಜಗ್ಗತೈತ್ರಿ, ಕಲ್ಲು ವಾಲತೈತಿ. ಆಕಿದ ಹಳೇ ನೂಲಿನ ಸೀರಿ ಹರೀರಿ,” ಎಂದಳು ಗಂಗವ್ವ.

ಟ್ರಂಕಿನಲ್ಲಿದ್ದ ಸೀರೆ ತೆಗೆದು ಎರಡು ದಿನ ಮಡಿಲಲ್ಲಿ ಇಟ್ಟುಕೊಂಡು ಕೂತೆ. ಮೂರನೆಯ ದಿನ ಅಂಚಿನಲ್ಲಿ ಬೆರಳಗಲ ಹರಿದೆ. ಸುತ್ತಿದೆ, ಬಿಚ್ಚಿದೆ, ಅರ್ಧ ಸುತ್ತು ಕಡಿಮೆ ಮಾಡಿದೆ. ಕೊನೆಗೊಮ್ಮೆ ನುಚ್ಚು ಹದವಾಗಿ ಉದುರಿತು.

ಮರುದಿನ ಅಂಬಲಿ ಕುದಿಸಿ ಬಟ್ಟಲಿಗೆ ಬಗ್ಗಿಸಿಕೊಂಡೆ. ಮೊದಲ ಗುಟುಕಿಗೇ ಕಣ್ಣು ತುಂಬಿತು. ಹುಳಿ ಥೇಟ್ ಅವಳದೇ. ಎರಡನೆಯ ಗುಟುಕಿಗೆ ಒಲೆಯ ಕಡೆ ತಿರುಗಿ, “ಉಪ್ಪು ಕಮ್ಮಿ ಆಗೇತಿ ನೋಡು,” ಎಂದೆ. ಉಪ್ಪು ಹಾಕಿದವನು ನಾನೇ ಎಂಬುದು ನೆನಪಾಗುವಷ್ಟರಲ್ಲಿ, ಬಟ್ಟಲು ಹಿಡಿದ ಕೈ ಮುಂದೆ ಚಾಚಿಯಾಗಿತ್ತು.