ಗಡ್ಡೆಗೆ ಗೊಬ್ಬರ

ನಗಬಾರದ ಕಡೆ ನಗು ಬರೋದು ಡಾಕ್ಟರಿಕೆಯಲ್ಲಿ ದಿನಾ ಇದ್ದದ್ದೇ. ಎಂಬತ್ತರ ದಶಕದಲ್ಲಿ ಶ್ರೀನಿವಾಸಪುರದಲ್ಲಿ ನನ್ನದೊಂದು ಸಣ್ಣ ಕ್ಲಿನಿಕ್ ಇತ್ತು. ಹಿಪ್ಪುನೇರಳೆ ಬೆಳೆಯುತ್ತಿದ್ದ ಒಬ್ಬ ಯಜಮಾನರು, ಅವರ ಹೆಂಡತಿ, ಇಬ್ಬರೇ ಸೇರಿ ನನಗೆ ಕೊಟ್ಟಷ್ಟು ಪೇಚಾಟವನ್ನು ಇಡೀ ತಾಲ್ಲೂಕು ಕೊಟ್ಟಿಲ್ಲ.

೧. ಪರೀಕ್ಷೆ

ಯಜಮಾನರಿಗೆ ಮೂತ್ರ ಕಟ್ಟಿಕೊಳ್ಳುತ್ತಿತ್ತು, ಸೊಂಟ ನೋವು ಬೇರೆ. ಅದನ್ನು ಹೇಳೋಕೆ ನಾಚಿಕೊಂಡು ಆರು ತಿಂಗಳು ನನ್ನ ಹತ್ತಿರ ಕೆಮ್ಮಿನ ಔಷಧಿ ಇಸ್ಕೊಂಡು ಹೋಗಿದ್ದರು. ಕೊನೆಗೆ ಹೆಂಡತಿಯೇ ಕರೆತಂದು ಬಾಯಿ ಬಿಡಿಸಿದಳು.

ಪ್ರಾಸ್ಟೇಟ್ ಗ್ರಂಥಿಯನ್ನು ಮುಟ್ಟಿ ನೋಡೋಕೆ ಇರೋದು ಒಂದೇ ದಾರಿ, ಹಿಂದಿನಿಂದ. ಗ್ಲೌಸ್ ಹಾಕಿಕೊಂಡು "ಮಗ್ಗುಲಾಗಿ ಮಲಗಿ" ಅಂದೆ. ಪುಣ್ಯಾತ್ಮರು ಗೋಡೆ ಕಡೆ ತಿರುಗಿ ಮಲಗಿದರು. ಎಲ್ಲ ಮುಗಿದ ಮೇಲೆ ಪಂಚೆ ಸರಿಮಾಡಿಕೊಳ್ಳುತ್ತಾ ಕೇಳಿದರು: "ನಮ್ಮ ಸೀಮೆಹಸೂಗೂ ದನದ ಡಾಕ್ಟ್ರು ಹಿಂಗೇ ಕೈ ಹಾಕಿ ಗಬ್ಬ ನೋಡೋದು. ನಂಗೆಷ್ಟು ತಿಂಗಳು ಸ್ವಾಮಿ?"

ನನಗೆ ನಗೋಕಾಗಲಿಲ್ಲ. ಬೆರಳಿಗೆ ಸಿಕ್ಕಿದ್ದು ಕಲ್ಲಿನಂಥ ಗಡ್ಡೆ.

೨. ಗೊಬ್ಬರ

ಬೆಂಗಳೂರಿನ ದೊಡ್ಡ ಡಾಕ್ಟರು ಕ್ಯಾನ್ಸರ್ ಅಂತ ಬರೆದುಕೊಟ್ಟರು. ಮೂಳೆಗೂ ಹಬ್ಬಿತ್ತು. ಇಂಥ ಗಡ್ಡೆಯನ್ನು ಬೆಳೆಸೋ ಅಂಶಗಳು ಹಲವಾರಿವೆ ಅಂತ ಓದಿದವರು ಆಗಷ್ಟೇ ಹೇಳತೊಡಗಿದ್ದರು. ನನಗೆ ಗೊತ್ತಿದ್ದದ್ದು ಒಂದೇ, ಅದನ್ನೇ ರೈತರಿಗೆ ತಿಳಿಯೋ ಹಾಗೆ ಹೇಳಿದೆ.

"ಯಜಮಾನರೇ, ಗಂಡಸಿನ ಮೈಯಲ್ಲಿ ಊರೋ ಹಾರ್ಮೋನೇ ಈ ಗಡ್ಡೆಗೆ ಗೊಬ್ಬರ. ಅದು ನಿಂತ್ರೆ ಗಡ್ಡೆ ಸೊರಗುತ್ತೆ. ಒಂದೋ ಆಪರೇಷನ್ ಮಾಡಿ ಬೀಜ ತೆಗೆಸ್ಬೇಕು, ಇಲ್ಲಾ ದಿನಾ..."

"ಮಾತ್ರೆ," ಅಂದರು, ನಾನು ಮಾತು ಮುಗಿಸೋ ಮುಂಚೆಯೇ.

ವಾರ ಕಳೆಯಿತು. ಹೆಂಡತಿ ಅವರನ್ನು ಕೈಹಿಡಿದು ಎಳೆದುಕೊಂಡು ಬಂದಳು. "ಏನ್ ಹೇಳ್ಕೊಟ್ರಿ ಡಾಕ್ಟ್ರೇ? ಎಂಟು ದಿನದಿಂದ ಮುದ್ದೆ ಮುಟ್ಟಿಲ್ಲ. ಬರೀ ಮಜ್ಜಿಗೆ."

ಯಜಮಾನರು ನನಗೇ ಬೇಸಾಯದ ಪಾಠ ಹೇಳಿದರು. "ಗೊಬ್ಬರ ನಿಲ್ಸಿ ನೀರು ಬಿಡ್ತಾ ಇದ್ರೆ ಕಳೆ ಸಾಯ್ತದಾ ಸ್ವಾಮಿ? ಎರಡೂ ನಿಲ್ಲಿಸ್ಬೇಕು."

"ಕಳೆಗಿಂತ ಮುಂಚೆ ತೋಟ ಒಣಗುತ್ತೆ, ಊಟ ಮಾಡಿ," ಅಂದೆ.

"ಹಂಗೆ ಬುದ್ಧಿ ಹೇಳಿ," ಅಂದಳು ಆಕೆ. "ಸಾಯೋದಾದ್ರೂ ಉಂಡು ಸಾಯ್ಲಿ. ಇಲ್ದಿದ್ರೆ ಊರೋರು ನಾನು ಇಟ್ಟು ಹಾಕ್ಲಿಲ್ಲ ಅಂತಾರೆ."

೩. ಕಂಬಳಿ

ಮಾತ್ರೆ ಹಿಡಿಯಿತು. ಸೊಂಟ ನೋವು ಹೋಗಿ, ಯಜಮಾನರು ಮತ್ತೆ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕತೊಡಗಿದರು. ನನಗೆ ಸಂತೋಷವಾಯಿತು. ಆಮೇಲೆ ಪತ್ತೆಯೇ ಇಲ್ಲ.

ನಾಲ್ಕು ತಿಂಗಳ ನಂತರ ಹೆಂಡತಿ ಕರೆತಂದಾಗ ಸುಡುಬಿಸಿಲು. ಮನೆಯಲ್ಲಿ ಸದಾ ಬರಿಮೈಯಲ್ಲಿರುತ್ತಿದ್ದ ಮನುಷ್ಯ ಅಂಗಿ ಮೇಲೆ ಕಂಬಳಿ ಹೊದ್ದಿದ್ದರು.

"ಮಾತ್ರೆ ಬಿಟ್ಟು ತಿಂಗಳಾಯ್ತಂತೆ. ಸೊಂಟ ಮತ್ತೆ ಹಿಡ್ಕೊಂಡದೆ. ಯಾಕೆ ಅಂತ ಕೇಳಿದ್ರೆ ಬಾಯೇ ಬಿಡಲ್ಲ," ಅಂದಳು.

ಕಂಬಳಿ ತೆಗೆಸಿ ನೋಡಿದೆ. ಹೆಂಗಸರಿಗಿರುವಂತೆ ಎದೆ ಬೆಳೆದಿತ್ತು. ಆ ಮಾತ್ರೆಯಲ್ಲಿದ್ದದ್ದು ಹೆಂಗಸರ ಹಾರ್ಮೋನು, ಅದರದೇ ಈ ಕೆಲಸ. ಮೊದಲೇ ಹೇಳಿದರೆ ಇವರು ನುಂಗೋದಿಲ್ಲ ಅಂತ ನಾನು ಬಾಯಿಮುಚ್ಚಿಕೊಂಡಿದ್ದೆ. ತಪ್ಪು ನನ್ನದೇ, ಅದನ್ನು ಒಪ್ಪಿಕೊಂಡೆ. "ಆದ್ರೆ ಮಾತ್ರೆ ಬಿಟ್ರೆ ಜೀವಾನೇ ಹೋಗುತ್ತೆ, ಯಜಮಾನರೇ."

"ಹೋದ್ರೆ ಹೋಗ್ಲಿ ಸ್ವಾಮಿ," ಅಂದರು. ಕಣ್ಣು ತುಂಬಿಕೊಂಡಿತ್ತು. "ಇವನ್ನ ಇಟ್ಕೊಂಡು ನಾಲ್ಕು ಜನದ ಮುಂದೆ ಹೆಂಗೆ ತಿರುಗೋದು?"

ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತಳು. "ಏನಯ್ಯಾ, ನಲವತ್ತೈದು ವರ್ಷದಿಂದ ನಾನು ತಿರುಗ್ತಾ ಇಲ್ವಾ?"

ಯಜಮಾನರು ಆಕೆಯನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಒಂದು ಲೋಟ ನೀರು ಕೊಡಿ ಸ್ವಾಮಿ," ಅಂದು ಮೇಜಿನ ಮೇಲಿದ್ದ ಮಾತ್ರೆಗೆ ಕೈ ಚಾಚಿದರು.