ಬೆನಕಪ್ಪನಿಗೆ ಒಂದು ಜಗಳ ಬೇಕಾಗಿತ್ತು

"ಅಣ್ಣಾರ, ಕೆಟ್ವಿ ನೋಡ್ರಿ! ಜಂಬಕ್ಕ ಎರ್ರೆಪ್ಪಗ ಚಾ ಕೊಡಾಕತ್ಯಾಳ! ಅದೂ ಕಪ್ಪಿನ ಕೆಳಗ ಬಸಿ ಇಟ್ಟು!"

ಮೆಟ್ಟಿಲುಗಳನ್ನು ಹಾರಿಕೊಂಡು ಬಂದ ವಕೀಲೆ ರೇಖಾ ಬಾಗಿಲಲ್ಲೇ ಏದುಸಿರು ಬಿಡುತ್ತ ನಿಂತಳು. ಕುರ್ಚಿ ಒರೆಸುತ್ತಿದ್ದ ಬೆನಕಪ್ಪನ ಕೈಯಿಂದ ಬಟ್ಟೆ ಜಾರಿ ಬಿತ್ತು.

"ಮುಂಜಾನಿ ಮುಂಜಾನಿ ಎದಿ ಒಡಿಬ್ಯಾಡವ್ವ ರೇಖಾ. ಸುಳ್ಳು ಇರಬೇಕು."

"ನನ್ನ ಕಣ್ಣೀಲೆ ನೋಡೀನ್ರಿ. ಸಕ್ರಿ ಸಾಕೋ, ಇನ್ನೊಂಚೂರು ಹಾಕ್ಲೋ ಅಂತ ಬ್ಯಾರೆ ಕೇಳಿದ್ಲು."

ಬೆನಕಪ್ಪ ಒದ್ದೆ ಕುರ್ಚಿಯ ಮೇಲೇ ಕುಸಿದ.

ಕೊಟ್ಟೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಗುರುಸಂಗಪ್ಪನವರ ಮಹಡಿಯ ಕೋಣೆಯಲ್ಲಿ ಬೆನಕಪ್ಪನ ಉಚಿತ ಕಾನೂನು ನೆರವು ಕೇಂದ್ರವಿತ್ತು. ಬಡವರ ತಕರಾರುಗಳನ್ನು ಕೂತು ಮಾತಾಡಿ ಬಗೆಹರಿಸುವುದು ಅವನ ಕೆಲಸ. ಬಗೆಹರಿಯದೇ ಉಳಿದದ್ದನ್ನು ಕೂಡ್ಲಿಗಿಯ ಕೋರ್ಟಿನಲ್ಲಿ ಪುಕ್ಕಟೆ ವಾದಿಸುವುದು ರೇಖಾಳ ಕೆಲಸ. ಇಬ್ಬರಿಗೂ ಊರ ತುಂಬ ಹೆಸರಿತ್ತು, ಬಾಡಿಗೆ ಕಟ್ಟುವ ದಾರಿ ಮಾತ್ರ ಇರಲಿಲ್ಲ. "ನಿನ್ನ ಕೆಲಸ ದೇವರು ಮೆಚ್ಚೂವಂಥದ್ದು ಬೆನಕಪ್ಪ. ಆದ್ರ ಕಂಪ್ಯೂಟರ್ ಕ್ಲಾಸಿನವರು ಕೋಣಿ ಕೇಳಾಕತ್ಯಾರ, ಏನ್ ಮಾಡ್ಲಿ?" ಎಂದು ಗುರುಸಂಗಪ್ಪ ಬಹಳ ಮರ್ಯಾದೆಯಿಂದಲೇ ತಿಂಗಳ ಕೊನೆಯ ಗಡುವು ಕೊಟ್ಟಿದ್ದರು.

ಉಳಿದದ್ದು ಒಂದೇ ಆಸೆ. ಬೆಂಗಳೂರಿನ ಒಂದು ಟ್ರಸ್ಟು ಇಂಥ ಕೇಂದ್ರಗಳಿಗೆ ಅನುದಾನ ಕೊಡುತ್ತಿತ್ತು. ಅದರ ಅಧಿಕಾರಿ ಸೋಮಶೇಖರ್ ಇವತ್ತು ಖುದ್ದಾಗಿ ಬರುವವರಿದ್ದರು. "ಕಾಗದ ಪತ್ರ ಸಾಕಷ್ಟು ನೋಡಿದ್ದೀವಿ. ಒಂದು ನಿಜವಾದ ತಕರಾರನ್ನ ನೀವು ಹೇಗೆ ಬಗೆಹರಿಸ್ತೀರಿ ಅಂತ ಕಣ್ಣಾರೆ ನೋಡಬೇಕು" ಎಂದು ಅವರು ಫೋನಿನಲ್ಲಿ ಹೇಳಿದಾಗ, ಎಸ್‌ಟಿಡಿ ಬೂತಿನೊಳಗೆ ನಿಂತಿದ್ದ ಬೆನಕಪ್ಪ ಗಾಜು ನಡುಗುವಂತೆ ನಕ್ಕಿದ್ದ. "ತಕರಾರಿಗೇನ್ ಬರ ಐತ್ರಿ ಸರ! ನಮ್ಮ ಮೆಟ್ಟಿಲ ಬುಡಕ್ಕ ಅದಾವ!"

ಸುಳ್ಳಲ್ಲ. ಮೆಟ್ಟಿಲಿನ ಎಡಕ್ಕೆ ಜಂಬಕ್ಕನ ಮಂಡಕ್ಕಿ ಒಗ್ಗರಣೆ-ಮಿರ್ಚಿ ಅಂಗಡಿ, ಬಲಕ್ಕೆ ಟೇಲರ್ ಎರ್ರೆಪ್ಪನ ಅಂಗಡಿ. ಇವಳ ಎಣ್ಣೆಯ ಹೊಗೆ ಅವನು ಹೊಲಿದ ಜಂಪರುಗಳಿಗೆಲ್ಲ ಅಂಟಿ, ಮದುಮಗಳೂ ಮಿರ್ಚಿಯಂತೆ ಘಮ್ಮೆನ್ನುತ್ತಿದ್ದಳು. ಅವನ ನೂಲಿನ ಚೂರು ಹಾರಿ ಬಂದು ಇವಳ ಬಾಣಲೆಯಲ್ಲಿ ಬೇಯುತ್ತಿತ್ತು. ಓಣಿಯವರು ರೇಡಿಯೋ ಮಾರಿಬಿಟ್ಟಿದ್ದರು, ಬೆಳಗಿನ ಕಾರ್ಯಕ್ರಮ ಇವರದೇ ಸಾಕಾಗುತ್ತಿತ್ತು. ಇಂಥ ಇಬ್ಬರು ಇವತ್ತು ಚಹಾ ಕುಡಿಯುತ್ತಿದ್ದರು!

ಬೆನಕಪ್ಪ ದಡಬಡ ಕೆಳಗಿಳಿದ. ಜಂಬಕ್ಕ ಇಳಕಲ್ ಸೀರೆ ಉಟ್ಟು ಬೀಗರ ಮನೆಗೆ ಹೊರಟವಳಂತೆ ನಿಂತಿದ್ದಳು. ಎರ್ರೆಪ್ಪ ಯಾರೋ ಗಿರಾಕಿಯ ಹೊಸ ಜುಬ್ಬಾ ತೊಟ್ಟಿದ್ದ, ಅಳತೆಯ ಚೀಟಿ ಕುತ್ತಿಗೆಯ ಹಿಂದೆ ಜೋತಾಡುತ್ತಿತ್ತು.

"ಏನ್ ಜಂಬಕ್ಕ ಇದು?"

"ಏನಂದ್ರ? ನಿನ್ನ ಮನಿಗಿ ಬೆಂಗಳೂರಿಂದ ದೊಡ್ಡವರು ಬರಾಕತ್ಯಾರಂತ. ಪಾವಣೇರ ಮುಂದ ಯಾರರೆ ಜಗಳ ಆಡ್ತಾರೇನೋ? ನನ್ನ ಮಗಳಿಗಿ ಜೀವನಾಂಶ ಕೊಡ್ಸಿದಾಂವ ನೀನು. ನಿನ್ನ ಮಾನ ತೆಗೀಲೇನು?"

"ನನ್ನ ಅಣ್ತಮ್ಮರು ಅಂಗಡಿಗಿ ಬೀಗ ಜಡಿದಾಗ ತಗಸಿಕೊಟ್ಟಾಂವ ನೀನು" ಎಂದ ಎರ್ರೆಪ್ಪ ಗದ್ಗದಿತನಾಗಿ. "ಇವತ್ತು ಒಂದಿನ ಈ ಹೊಗಿ ನನಗ ಊದಿನಕಡ್ಡಿ ಇದ್ದಂಗ."

"ಅಯ್ಯೋ, ಜಗಳ ಆಡ್ರೋ ಮಾರಾಯ! ಕೈ ಮುಗೀತೀನಿ!"

ಅವನು ಕಾರಣ ಹೇಳುವಷ್ಟರಲ್ಲೇ ಇಬ್ಬರೂ ಕಿವಿ ಮುಚ್ಚಿಕೊಂಡು, "ಬಿಡ್ತು ಅನ್ನು" ಎಂದರು, ಮೊದಲ ಬಾರಿಗೆ ಒಂದೇ ದನಿಯಲ್ಲಿ.

ಬೆನಕಪ್ಪ ಓಣಿಯ ಕೊನೆಯ ಸುಂಕಮ್ಮನ ಮನೆಗೆ ಓಡಿದ. ಅತ್ತೆ-ಸೊಸೆಯ ಒಲೆ ಬೇರೆಯಾಗಿ, ಪಡಸಾಲೆಯ ನಡುವೆ ಗೋಡೆ ಎದ್ದಿದ್ದ ಮನೆ ಅದು. ಹೋಗಿ ನೋಡಿದರೆ ಸುಂಕಮ್ಮ ಸೊಸೆಯ ತಲೆ ಬಾಚಿ ಹೂ ಮುಡಿಸುತ್ತಿದ್ದಳು. "ಜಂಬಕ್ಕ ಓಣಿಗೆಲ್ಲ ಹೇಳಿ ಕಳ್ಸ್ಯಾಳಪ್ಪ, ಇವತ್ತು ಯಾರೂ ದನಿ ಏರಸಂಗಿಲ್ಲಂತ" ಎಂದಳು.

ವಾಪಸ್ ಬಂದವನು ಕಡೆಯ ಪ್ರಯತ್ನವಾಗಿ, ಯಾರೂ ನೋಡದಾಗ ಎರ್ರೆಪ್ಪನ ನೂಲಿನ ಚೂರನ್ನೆಲ್ಲ ಬಾಚಿ ಜಂಬಕ್ಕನ ಬಾಣಲೆಯೊಳಗೆ ಸುರಿದ. ಬೇರೆ ದಿನವಾಗಿದ್ದರೆ ಉಜ್ಜಿನಿಯವರೆಗೆ ಕೇಳುವಂಥ ಕೂಗು ಏಳಬೇಕಿತ್ತು. ಜಂಬಕ್ಕ ಜಾಲರಿ ಸೌಟಿನಿಂದ ನೂಲನ್ನು ಎತ್ತಿ ಸೋಸಿ, "ಪಾಪ, ಗಾಳಿ ಐತಿ" ಎಂದು ನಕ್ಕಳು.

ಅಷ್ಟರಲ್ಲಿ ಬಿಳಿಯ ಅಂಬಾಸಿಡರ್ ಕಾರು ಬಂದೇಬಿಟ್ಟಿತು. ಸೋಮಶೇಖರ್ ಕೆಳಗಿಳಿದರು. ನರೆತ ಕ್ರಾಪು, ಇಸ್ತ್ರಿ ಮಾಡಿದಂಥ ಮುಖ. ಹಾರ ಬಿತ್ತು, ಶಾಲು ಬಿತ್ತು, ಕೈಗೆ ಮಿರ್ಚಿಯ ತಟ್ಟೆ ಬಂತು.

"ಎಲ್ಲಿ, ಇವತ್ತಿನ ತಕರಾರು ಯಾರದು?"

"ತಕರಾರಾ?" ಜಂಬಕ್ಕ ಗಲ್ಲ ಬಡಿದುಕೊಂಡಳು. "ನಮ್ಮ ಓಣ್ಯಾಗ ಆ ಪದಾನ ಇಲ್ರಿ ಸಾಹೇಬ್ರ. ನಮ್ಮ ಬೆನಕಪ್ಪ ಎಲ್ಲಾ ತೀರಿಸಿ ಕೈ ತೊಳ್ಕೊಂಡು ಕುಂತಾನ."

"ಕೆಲಸ ಇಲ್ದ ನೊಣ ಹೊಡಿತಾನ್ರಿ!" ಎರ್ರೆಪ್ಪ ಹೆಮ್ಮೆಯಿಂದ ಸೇರಿಸಿದ.

ಸೋಮಶೇಖರ್ ಪೆನ್ನಿನ ಮುಚ್ಚಳ ಹಾಕಿದರು. "ಬಹಳ ಸಂತೋಷ. ಆದರೆ ಅನುದಾನ ಇರೋದು ತಕರಾರು ಇರೋ ಕಡೆಗೆ. ಇಷ್ಟು ನೆಮ್ಮದಿಯಾಗಿರೋ ಊರಿಗೆ ಕೇಂದ್ರ ಯಾಕೆ? ನಾನು ಬರ್ತೀನಿ."

ರೇಖಾ ಜಂಬಕ್ಕನ ಕಿವಿಯಲ್ಲಿ ಹಲ್ಲು ಕಚ್ಚಿ ಹೇಳಿದಳು: "ಜಗಳ ಇದ್ರಷ್ಟ ಕೇಂದ್ರ ಉಳೀತೈತಿ ಜಂಬಕ್ಕ. ಇಲ್ಲಂದ್ರ ಕೋಣಿ ಖಾಲಿ!"

ಜಂಬಕ್ಕನ ಬಣ್ಣ ಇಳಿಯಿತು. ಒಂದು ಕ್ಷಣ ಯೋಚಿಸಿ, ಸೆರಗು ಬಿಗಿದು, ಎರ್ರೆಪ್ಪನ ಮುಂದೆ ನಿಂತಳು. "ಏನ್ರಿ ಎರ್ರೆಪ್ಪನವರ... ನೀವು... ಭಾಳ ಕೆಟ್ಟವರು ಅದೀರಿ."

"ನೀವೂ ಅಷ್ಟ ಅದೀರಿ, ಅಕ್ಕಾರ" ಎಂದ ಎರ್ರೆಪ್ಪ, ನಮಸ್ಕಾರ ಹಾಕುವವನ ಹಾಗೆ.

"ನಾಟಕ ಬೇಡ" ಎಂದು ಸೋಮಶೇಖರ್ ಕಾರಿನ ಬಾಗಿಲು ತೆರೆದರು.

ಆಗ ಜಂಬಕ್ಕನಿಗೆ ನಿಜವಾಗಿ ಅಳು ಬಂತು, ಅಳುವಿನ ಬೆನ್ನಿಗೆ ಸಿಟ್ಟೂ ಬಂತು. "ಎಲ್ಲಾ ನಿನ್ನಿಂದ! ನಾ ಬರೇ ಚಾ ಕೊಡ್ತೀನಿ ಅಂದಿದ್ದೆ. ಊದಿನಕಡ್ಡಿ, ಜುಬ್ಬಾ, ನೊಣ ಅಂತ ಹೆಚ್ಚಿಗಿ ಮಾಡ್ದಾಂವ ಯಾರಲೇ?"

"ಓಣಿಗೆಲ್ಲ ಹೇಳಿ ಕಳ್ಸಿದಾಕಿ ಯಾರು? ನಿನ್ನ ಬಾಯಿ ಬಂದಾತು ಅಂತ ಖುಷೀಲೆ ಜುಬ್ಬಾ ಹಾಕ್ಕೊಂಡ್ನಿ!"

"ಹೋಗಲೇ ಗುಂಡಿ ಕಳ್ಳ! ನನ್ನ ಜಂಪರಿಗಿ ಹಚ್ಚಿದ್ದ ಗುಂಡಿ ಎಲ್ಲಿ?"

"ನಿನ್ನ ಬಾಂಡ್ಲ್ಯಾಗ ಐತಿ, ಕರದು ತಿನ್ನು!"

ಕಾಗೆಗಳು ಹಾರಿದವು. ಕಿಟಕಿಗಳು ತೆರೆದವು. ಬೆನಕಪ್ಪ ಕೈ ಮುಗಿದು ಆಕಾಶ ನೋಡಿದ. ಬರಗಾಲದಲ್ಲಿ ಗುಡುಗು ಕೇಳಿದವನಿಗೂ ಅಷ್ಟು ಸಂತೋಷ ಆಗಿರಲಾರದು.

ಕಾರಿನ ಬಾಗಿಲು ಮುಚ್ಚಿತು, ಸೋಮಶೇಖರ್ ಹೊರಗೇ ಉಳಿದರು. "ಹಾಂ, ಇದು ಅಸಲಿ" ಎಂದರು.

ರೇಖಾ ಇಬ್ಬರನ್ನೂ ಮೇಲೆ ಕರೆದೊಯ್ದು ಕೂಡಿಸಿದಳು. ಕೇಂದ್ರಕ್ಕೊಂದು ಪದ್ಧತಿ ಇತ್ತು. ಯಾರೂ ತಮ್ಮ ದೂರನ್ನು ತಾವು ಹೇಳುವಂತಿಲ್ಲ, ಎದುರಿನವರ ದೂರನ್ನು ಅವರ ಜಾಗದಲ್ಲಿ ಕೂತು ಹೇಳಬೇಕು.

ಜಂಬಕ್ಕ ಮುಖ ಊದಿಸಿಕೊಂಡು ಶುರು ಮಾಡಿದಳು. "ನಾ ಟೇಲರ್ ಎರ್ರೆಪ್ಪ. ಕಣ್ಣು ಮಂಜಾಗ್ಯಾವ. ಹೊಗಿ ಬಂದ್ರ ಸೂಜಿಗಿ ನೂಲು ಪೋಣಸಾಕ ಆಗಂಗಿಲ್ಲ..." ಅಷ್ಟಕ್ಕೇ ಅವಳ ದನಿ ತಗ್ಗಿತು. "ಅಯ್ಯ, ಇದು ನನಗ ಗೊತ್ತ ಇತ್ತು ನೋಡು. ಆದ್ರ ಅಂದಿದ್ದಿಲ್ಲ."

"ನಾ ಜಂಬಕ್ಕ" ಎಂದ ಎರ್ರೆಪ್ಪ ನೆಲ ನೋಡುತ್ತ. "ಗಿರಾಕಿ ಬಾಯಾಗ ನೂಲು ಸಿಕ್ರ ಮತ್ತ ಬರಂಗಿಲ್ಲ. ಒಬ್ಬಾಕೇ ದುಡದು ಮನಿ ನಡಸ್ತೀನಿ."

ಒಲೆಯನ್ನು ಹಿಂದಿನ ಗೋಡೆಗೆ ಸರಿಸುವುದು, ಟೇಲರ್ ಅಂಗಡಿಗೆ ಪರದೆ ಹಾಕುವುದು ಎಂದು ಒಪ್ಪಂದವಾಯಿತು. ರೇಖಾ ಇಬ್ಬರಿಗೂ ನೀರು ಕೊಟ್ಟಳು.

ಸೋಮಶೇಖರ್ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಬೆನಕಪ್ಪ ಅನುದಾನ ಬಂದೇಬಿಟ್ಟಿತೆಂದು ಕಾಲ ಹೆಬ್ಬೆರಳಲ್ಲಿ ನೆಲ ಕೆರೆಯುತ್ತಿದ್ದ.

"ಶಿಫಾರಸು ನಾನು ಬರೆಯೋ ಹಾಗಿಲ್ಲ" ಎಂದರು ಸಾಹೇಬರು.

"ಸರ?"

"ನಮ್ಮೂರು ಚಿಗಟೇರಿ" ಎಂದರು. ಬೆಂಗಳೂರಿನ ಮಾತು ಎಲ್ಲೋ ಜಾರಿಬಿದ್ದು, ಊರಿನ ಮಾತು ಬಾಯಿಗೆ ಬಂದಿತ್ತು. "ನಾನೂ ನಮ್ಮಣ್ಣನೂ ಒಂದು ಬಾವಿ ಸಲುವಾಗಿ ಮಾತು ಬಿಟ್ಟೀವಿ. ಇಬ್ರೂ ವಕೀಲರನ್ನ ಸಾಕಾಕತ್ತೀವಿ. ನಮ್ಮಣ್ಣನ ಜಾಗದಾಗ ಕುಂತು ಒಂದು ಮಾತೂ ನಾ ಯೋಚನೆ ಮಾಡಿದ್ದಿಲ್ಲ. ನಮ್ಮದೂ ನೀವ ತೀರಿಸಿಕೊಡ್ರಿ. ಆದ್ರ ನಮ್ಮ ಟ್ರಸ್ಟಿನ ನಿಯಮ ಐತಿ, ಕೇಂದ್ರದಿಂದ ನೆರವು ತಗಂಡಾಂವ ಆ ಕೇಂದ್ರಕ್ಕ ಶಿಫಾರಸು ಬರಿಯಂಗಿಲ್ಲ. ಬ್ಯಾರೆಯವರು ಬರಬೇಕು. ಅದು ಮುಂದಿನ ವರ್ಷದ ಮಾತು."

"ಮೊದ್ಲು ಶಿಫಾರಸು ಬರೀರಿ, ಆಮ್ಯಾಲೆ ಬಾವಿ..." ಎಂದು ಬೆನಕಪ್ಪ ಬಾಯಿ ತೆರೆಯುವಷ್ಟರಲ್ಲಿ ಜಂಬಕ್ಕ ಎದ್ದು ನಿಂತಿದ್ದಳು.

"ಅಯ್ಯ, ಅದಕ್ಯಾಕ ಸಂಕೋಚ ಸಾಹೇಬ್ರ! ನಮ್ಮ ಬೆನಕಪ್ಪ ಯಾರಿಗೂ ಇಲ್ಲ ಅಂದಾಂವಲ್ಲ. ನಾಳಿಗೇ ನಿಮ್ಮಣ್ಣಾರನ್ನ ಕರ್ಕೊಂಡು ಬರ್ರಿ!"

ಸೋಮಶೇಖರ್ ಬೆನಕಪ್ಪನ ಎರಡೂ ಕೈ ಹಿಡಿದುಕೊಂಡರು. ಇಲ್ಲ ಎನ್ನಲು ಅವನಿಗೆ ಆಗಲಿಲ್ಲ. "ಬರ್ರಿ ಸರ" ಎಂದ.

ಎಲ್ಲರೂ ಕೆಳಗಿಳಿದು ಬೀಳ್ಕೊಟ್ಟ ಮೇಲೆ ಕಾರು ಚಿಗಟೇರಿಯ ದಾರಿ ಹಿಡಿಯಿತು.

"ಅಂದ್ರ ಕೋಣಿ ಹೋತೇನು?" ಜಂಬಕ್ಕ ಮೆಲ್ಲಗೆ ಕೇಳಿದಳು.

"ಹೋತವ್ವ." ಬೆನಕಪ್ಪನಿಗೆ ಸಿಟ್ಟೇ ಬರಲಿಲ್ಲ. ತನ್ನ ಮಾನ ಕಾಯಲು ಇಳಕಲ್ ಸೀರೆ ಉಟ್ಟವಳ ಮೇಲೆ ಯಾರಿಗೆ ತಾನೇ ಸಿಟ್ಟು ಬಂದೀತು? "ನೀವೆಲ್ಲ ನನಗಾಗಿ ಇಷ್ಟು ಮಾಡಿದ್ರಲ್ಲ, ಅಷ್ಟ ಸಾಕು ನನಗ."

"ಸಾಕೆಲ್ಲಿ! ನಿನ್ನ ಕುರ್ಚಿ ಮೇಜು ನನ್ನ ಅಂಗಡಿ ತಗಡಿನ ಕೆಳಗ ಹಾಕು. ಬಾಡಿಗಿ ಒಂದು ರೂಪಾಯಿನೂ ಬ್ಯಾಡ."

"ಎಣ್ಣಿ ಹೊಗ್ಯಾಗ ಕೇಂದ್ರ ಕೆಮ್ಮಿ ಸಾಯ್ತೈತಿ" ಎಂದ ಎರ್ರೆಪ್ಪ. "ಬೆನಕಪ್ಪಣ್ಣ ನನ್ನ ಅಂಗಡ್ಯಾಗ ಕುಂದರ್ತಾನ."

"ನಾ ಮೊದ್ಲು ಅಂದಾಕಿ!"

"ಅಂದ್ರಾತೇನು? ನಿನಗಿಂತ ಮೊದ್ಲು ಋಣ ನಂದೈತಿ!"

"ಹೋಗಲೇ ಗುಂಡಿ ಕಳ್ಳ!"

ಕಾಗೆಗಳು ಮತ್ತೆ ಹಾರಿದವು. ರೇಖಾ ಸೆರಗಿನಲ್ಲಿ ನಗು ಮುಚ್ಚಿಕೊಂಡು, "ಅಣ್ಣಾರ, ಹೊಸ ತಕರಾರು ಬಂತ್ರಿ" ಎಂದಳು.

ಬೆನಕಪ್ಪ ಕಣ್ಣೊರೆಸಿಕೊಂಡ. "ನಾಳಿ ಮುಂಜಾನಿ ಇಬ್ರೂ ಬರ್ರಿ. ಸಾಹೇಬ್ರ ಬಾವಿಗಿಂತ ಮೊದ್ಲು ನಿಮ್ದ ತೀರ್ಸೂನು."

"ಎಲ್ಲಿಗಿ ಬರೂದು? ನನ್ನ ಅಂಗಡಿಗೋ, ಈತನ ಅಂಗಡಿಗೋ?" ಜಂಬಕ್ಕ ಸೊಂಟಕ್ಕೆ ಕೈ ಇಟ್ಟಳು.

ಬೆನಕಪ್ಪ ಎಡಕ್ಕೆ ನೋಡಿದ, ಹೊಗೆ ಏಳುತ್ತಿತ್ತು. ಬಲಕ್ಕೆ ನೋಡಿದ, ನೂಲು ಹಾರುತ್ತಿತ್ತು. ಮೇಲೆ ಹೋಗಿ ಕೇಂದ್ರದ ಕುರ್ಚಿಯನ್ನು ಹೊತ್ತು ತಂದು ಓಣಿಯ ನಟ್ಟನಡುವೆ ಇಟ್ಟ.

"ಇಲ್ಲಿಗೆ" ಎಂದ. "ನಾಳಿ ಮುಂಜಾನಿ, ಕೂಡ್ಲಿಗಿ ಬಸ್ಸು ಬರೂ ಹೊತ್ತಿಗಿ."